ಬೀಸುಕಲ್ಲಿಗೆ ಹಚ್ಚಿದ ಕುಂಕುಮ

೨೦೨೩ನೆಯ ಇಸವಿ. ಆಗ ನನಗೆ ಐವತ್ತನಾಲ್ಕು ವರ್ಷ, ನನ್ನ ಹೆಂಡತಿಗೆ ಐವತ್ತೊಂದು. ವಯಸ್ಸನ್ನು ಮೊದಲಿಗೇ ನಮೂದಿಸುವುದಕ್ಕೆ ಕಾರಣವಿದೆ. ಮುಂದೆ ಹೇಳಲಿರುವ ತಪ್ಪನ್ನು ಎಳೆತನದ ದುಡುಕಿನ ಮೇಲೂ ಮುಪ್ಪಿನ ಮರೆವಿನ ಮೇಲೂ ಹೊರಿಸಲಾಗದು. ಬುದ್ಧಿ ನೆಟ್ಟಗಿದ್ದ ಕಾಲದಲ್ಲಿ, ನಿಘಂಟನ್ನು ಎದುರಿಗಿಟ್ಟುಕೊಂಡು, ವಿಚಾರಪೂರ್ವಕವಾಗಿ ಮಾಡಿದ ತಪ್ಪು ಅದು.

ವಿಜಯಪುರದ ಕಡೆಯಿಂದ ಇಪ್ಪತ್ತಾರನೆಯ ವಯಸ್ಸಿನಲ್ಲಿ ಪುಣೆಗೆ ಬಂದ ನಾನು ಇಲ್ಲಿಯ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಕನ್ನಡ ಕಲಿಸಿದೆ. ಮಕ್ಕಳು ಕಡಿಮೆಯಾಗುತ್ತ ಬಂದಂತೆ ತರಗತಿಗಳು ಒಂದೊಂದಾಗಿ ಮುಚ್ಚಿದವು. ಕೊನೆಯ ಹತ್ತನೆಯ ತರಗತಿಯವರು ಪರೀಕ್ಷೆ ಬರೆದು ಹೊರಟ ವರ್ಷ ನಾನೂ ಹೊರಟೆ. ಕೆಲಸ ಮುಗಿದರೂ ಕೈಯ ಅಭ್ಯಾಸ ಮುಗಿಯಲಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಅಲ್ಪಪ್ರಾಣ ಮಹಾಪ್ರಾಣಗಳನ್ನು ನೋಡುತ್ತಿದ್ದೆ. ಹೆಂಡತಿ ಚಹಾ ತಂದು "ಆಗ್ಯದ" ಎಂದರೆ "ಆಗಿದೆ" ಎಂದು ತಿದ್ದಿಯೇ ಕಪ್ಪನ್ನು ತೆಗೆದುಕೊಳ್ಳುತ್ತಿದ್ದೆ. ನನ್ನ ತಾಯಿಯೂ ಹಾಗೆಯೇ ಮಾತನಾಡುತ್ತಿದ್ದಳು. ಚಿಕ್ಕಂದಿನಲ್ಲಿ ನಾನೂ ಹಾಗೆಯೇ ಮಾತನಾಡಿದವನು. ಆದರೆ ಬರೆದು ಕಲಿತದ್ದನ್ನು ಭಾಷೆಯೆಂದೂ ಉಳಿದದ್ದನ್ನು ಬರಿಯ ರೂಢಿಯೆಂದೂ ಬಹಳ ಹಿಂದೆಯೇ ವಿಂಗಡಿಸಿಟ್ಟಿದ್ದೆ. ಇಪ್ಪತ್ತಾರು ವರ್ಷಗಳ ದಾಂಪತ್ಯದಲ್ಲಿ ಅವಳು ಇದಕ್ಕಾಗಿ ಒಮ್ಮೆಯೂ ಜಗಳವಾಡಲಿಲ್ಲ. ನನ್ನೆದುರು ವರ್ಷದಿಂದ ವರ್ಷಕ್ಕೆ ಸ್ವಲ್ಪ ಕಡಿಮೆ ಮಾತನಾಡತೊಡಗಿದಳು, ಅಷ್ಟೆ. ಅದು ವಯಸ್ಸು ತಂದ ಗಾಂಭೀರ್ಯವೆಂದು ನಾನು ತಿಳಿದಿದ್ದೆ.

ಅವಳು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು, ಸ್ವಯಂ ನಿವೃತ್ತಿ ಪಡೆದಿದ್ದಳು. ಹಡಪಸರದಲ್ಲಿ ಹಳೆಯ ಕಾರ್ಖಾನೆಯ ಶೆಡ್ಡೊಂದನ್ನು ಸಮಕಾಲೀನ ಕಲೆಯ ಸಂಗ್ರಹಾಲಯವನ್ನಾಗಿ ಮಾಡಿದ್ದರು. ಕಚೇರಿಯ ಹಳೆಯ ಗೆಳತಿಯೊಬ್ಬಳು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅಂದು ಸಂಜೆ ನನ್ನ ಹೆಂಡತಿ, ಚಾಕಣದ ಕಾರ್ಖಾನೆಗಳು ತಿರಸ್ಕರಿಸಿದ ಕಾರಿನ ಬಾಗಿಲುಗಳನ್ನು ಒಂದು ಗೋಡೆಯ ತುಂಬ ಜೋಡಿಸಿಟ್ಟ ಕೃತಿಯ ಬಗ್ಗೆ, ಉಂಡ ಕೈ ಒಣಗುವವರೆಗೂ ಹೇಳಿದಳು. ಒಂದೂ ಬಾಗಿಲು ತೆರೆಯುವುದಿಲ್ಲವೆಂದೂ, ಆದರೂ ಪ್ರತಿಯೊಬ್ಬರೂ ಒಮ್ಮೆ ಹಿಡಿಕೆಯ ಕಡೆಗೆ ಕೈ ಚಾಚುತ್ತಾರೆಂದೂ ಹೇಳಿ ನಕ್ಕಳು. ಅಷ್ಟು ಮಾತನ್ನು ಅವಳಿಂದ ಒಟ್ಟಿಗೆ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅದರಲ್ಲಿಯೂ ನಾನು ಎರಡು ಕ್ರಿಯಾಪದಗಳನ್ನು ತಿದ್ದಿದೆನೆಂದು ನೆನಪು.

ಮುಂದಿನ ತಿಂಗಳು ಅವಳು ಅಲ್ಲಿ ಸ್ವಯಂಸೇವಕ ಗೈಡ್ ಆಗಲು ಹೆಸರು ಕೊಟ್ಟಳು. ಮೂರು ತಿಂಗಳ ತರಬೇತಿಯಾಯಿತು. ಹಿರಿಯ ಗೈಡುಗಳ ಜೊತೆಗೆ ನಿಂತು ಮರಾಠಿಯಲ್ಲಿ ನಾಲ್ಕಾರು ಸಲ ತೋರಿಸಿಯೂ ಬಂದಳು. ಗೈಡ್ ಎಂದು ಖಾಯಂ ಆಗಬೇಕಾದರೆ ಒಂದು ಇಡೀ ತಂಡವನ್ನು ಒಬ್ಬಳೇ ಮೊದಲಿನಿಂದ ಕೊನೆಯವರೆಗೆ ಕರೆದೊಯ್ಯಬೇಕು. ಶಿಕ್ಷಣ ವಿಭಾಗದ ಅಧಿಕಾರಿ ಹಿಂದೆ ನಿಂತು ನೋಡುತ್ತಾರೆ. ಆ ಪರೀಕ್ಷೆಯನ್ನು ಕನ್ನಡದಲ್ಲಿ ಕೊಡುವೆನೆಂದು ಅವಳು ತಾನಾಗಿಯೇ ಕೇಳಿಕೊಂಡಳು. ಅಲ್ಲಿ ಅದುವರೆಗೆ ಕನ್ನಡದಲ್ಲಿ ತೋರಿಸುವವರು ಯಾರೂ ಇರಲಿಲ್ಲ. ಅಧಿಕಾರಿ ಮರಾಠಿಯ ಹೆಂಗಸು; ಕನ್ನಡ ಒಂದಕ್ಷರವೂ ತಿಳಿಯದು. ಕನಿಷ್ಠ ಹದಿನೈದು ಜನ ಕನ್ನಡಿಗರನ್ನು ಕರೆತರಬೇಕೆಂದೂ, ಮಾತು ತನಗೆ ತಿಳಿಯದಿದ್ದರೂ ಕೇಳುವವರ ಮುಖ ತಿಳಿಯುತ್ತದೆಂದೂ ಹೇಳಿ ಒಪ್ಪಿದರಂತೆ.

ಇಷ್ಟೊಂದು ತಾಪತ್ರಯ ಏಕೆಂದು ನಾನು ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ತಲೆಯೆತ್ತದೆ ಹೇಳಿದಳು: "ನನ್ನ ಮಾತ ಕೇಳಾಕಂತ ಇಷ್ಟು ವರ್ಷ ಯಾರೂ ನಿಂತಿಲ್ರಿ. ಅಲ್ಲಿ ಮಂದಿ ನಿಂತು ಕೇಳ್ತಾರ."

ಆ ವಾಕ್ಯವನ್ನು ನಾನು ತಿದ್ದಲಿಲ್ಲ. ಅದರ ಅರ್ಥವನ್ನೂ ಅಂದು ಪೂರ್ತಿಯಾಗಿ ತೆಗೆದುಕೊಳ್ಳಲಿಲ್ಲ.

ತಾನು ಹೇಳಬೇಕಾದುದನ್ನೆಲ್ಲ ಅವಳು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಒಮ್ಮೆ ಕಣ್ಣಾಡಿಸಿರೆಂದು ನನ್ನ ಕೈಗೆ ಕೊಟ್ಟಳು. ಕಣ್ಣಾಡಿಸುವುದು ನನಗೆ ಬರುವುದಿಲ್ಲ. ನಾಲ್ಕು ದಿನ ಕುಳಿತು ಇಡೀ ಬರಹವನ್ನು ಹೊಸದಾಗಿ ರಚಿಸಿದೆ. "ಒಳಗ" ಎಂಬಲ್ಲೆಲ್ಲ ಸಪ್ತಮಿ ವಿಭಕ್ತಿ ಬಂತು. ತುಂಡು ತುಂಡು ವಾಕ್ಯಗಳು ಸೇರಿ ಮಿಶ್ರವಾಕ್ಯಗಳಾದವು. ನೆಲದ ಮೇಲೆಯೋ ಕೋಣೆಯ ತುಂಬವೋ ವಸ್ತುಗಳನ್ನು ಇಟ್ಟು ಮಾಡುವ ಕೃತಿಗಳಿಗೆ ಅವಳು "ಇನ್‌ಸ್ಟಾಲೇಶನ್" ಎಂದು ಬರೆದಿದ್ದಳು. ನಾನು ಅದನ್ನು ಹೊಡೆದು, ಹದಿನಾಲ್ಕು ಕಡೆಗಳಲ್ಲಿ, "ಪ್ರತಿಷ್ಠಾಪನೆ" ಎಂದು ಬರೆದೆ.

ಅವಳು ಓದಿ, "ಇದು ಗಣಪತಿ ಕೂಡಿಸಿದಂಗ ಆಗೂದಿಲ್ಲೇನ್ರಿ?" ಎಂದಳು. ನಾನು ಆ ಶಬ್ದದ ಧಾತುವನ್ನೂ ಉಪಸರ್ಗವನ್ನೂ ಬಿಡಿಸಿ, ಅದರ ಮೂಲಾರ್ಥ ನೆಲೆಗೊಳಿಸುವುದು ಎಂದಷ್ಟೇ ಇದೆಯೆಂದೂ, ದೇವರಿಗೆ ಮಾತ್ರ ಬಳಸುವುದು ಜನರ ಸಂಕುಚಿತ ರೂಢಿಯೆಂದೂ ವಿವರಿಸಿದೆ. ಕಾಲು ಗಂಟೆ ಹಿಡಿಯಿತು. ಅವಳು ನೋಟುಬುಕ್ಕನ್ನು ತೆಗೆದುಕೊಂಡು ಒಳಗೆ ಹೋದಳು. ಮರುದಿನದಿಂದ ಬಾಲ್ಕನಿಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ ನಿಂತು, ನನ್ನ ವಾಕ್ಯಗಳನ್ನು ಬಾಯಿಪಾಠ ಮಾಡತೊಡಗಿದಳು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ನಾವು ಧನಕವಡಿಯಿಂದ ಮಿನಿಬಸ್ಸಿನಲ್ಲಿ ಹೊರಟೆವು. ನನ್ನ ಹೆಂಡತಿಯನ್ನು ಬಿಟ್ಟು ಹದಿನೇಳು ಹೆಂಗಸರು, ಗಂಡಸು ನಾನೊಬ್ಬನೇ. ಎಲ್ಲರೂ ನಮ್ಮ ಬಡಾವಣೆಯ ಕನ್ನಡ ಮಹಿಳಾ ಮಂಡಳಿಯವರು. ಅವರಲ್ಲಿ ಎಲ್ಲರಿಗಿಂತ ಹಿರಿಯರಾದ ಎಪ್ಪತ್ತೆಂಟು ವರ್ಷದ ಒಬ್ಬರನ್ನು ಇಡೀ ಓಣಿ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿತ್ತು. ಅವರು ಮುಂದಿನ ಸೀಟಿನಲ್ಲಿ ಕುಳಿತು, ಚಿತ್ರ ನೋಡುವುದಕ್ಕೆ ಟಾಕೀಜು ಬಿಟ್ಟು ಇಷ್ಟು ದೂರ ಹೊರಟವರು ತಾವೇ ಮೊದಲಿಗರೆಂದು ದಾರಿಯುದ್ದಕ್ಕೂ ಎಲ್ಲರನ್ನೂ ನಗಿಸುತ್ತಿದ್ದರು. ಹಡಪಸರದ ದಟ್ಟಣೆಯಲ್ಲಿ ಬಸ್ಸು ನಿಂತಾಗ ಒಬ್ಬರು ಚುರುಮುರಿಯ ಡಬ್ಬಿ ತೆಗೆದರು. ನನ್ನ ಹೆಂಡತಿ ಮಾತ್ರ ಕಿಟಕಿಯ ಪಕ್ಕ ಕುಳಿತು ತುಟಿಯಲ್ಲಿ ನನ್ನ ವಾಕ್ಯಗಳನ್ನು ಒಪ್ಪಿಸಿಕೊಳ್ಳುತ್ತಿದ್ದಳು.

ಮೊದಲ ಎರಡು ಕೋಣೆಗಳಲ್ಲಿ ಅವಳು ಒಂದು ಅಕ್ಷರವನ್ನೂ ತಪ್ಪಲಿಲ್ಲ. ನನಗೆ ಹೆಮ್ಮೆಯೆನಿಸಿತು. ಹೆಂಗಸರು ಸಾಲಾಗಿ, ಸೆರಗು ಸರಿಮಾಡಿಕೊಂಡು, ಸಭೆಯಲ್ಲಿ ಅಧ್ಯಕ್ಷರ ಭಾಷಣ ಕೇಳುವವರಂತೆ ನಿಂತಿದ್ದರು. ಕಾರಿನ ಬಾಗಿಲುಗಳ ಗೋಡೆಯ ಮುಂದೆಯೂ ಯಾರೂ ನಗಲಿಲ್ಲ, ಹಿಡಿಕೆಗೆ ಕೈ ಚಾಚಲಿಲ್ಲ. ಕಾಕು ನನ್ನ ಹತ್ತಿರ ಸರಿದು ಮೆಲ್ಲಗೆ, "ಮಾಸ್ತರ್, ವೈನಿ ಮಂತ್ರ ಹೇಳಾಕತ್ತಾರೇನ್ರಿ?" ಎಂದು ನನ್ನ ಹೆಂಡತಿಯ ಕಡೆಗೆ ಕಣ್ಣು ತೋರಿಸಿ ಕೇಳಿದರು. ಹಾಸ್ಯಕ್ಕೆ ಕೇಳಿದರೆಂದು ತಿಳಿದು ನಕ್ಕೆ. ನಾಲ್ಕು ಹೆಜ್ಜೆ ಹಿಂದೆ ಅಧಿಕಾರಿ ಕೈಕಟ್ಟಿ ನಿಂತು ಮುಖಗಳನ್ನೇ ನೋಡುತ್ತಿದ್ದರು.

ಮೂರನೆಯದು ದೊಡ್ಡ ಕೋಣೆ. ನಗರದ ಹಳೆಯ ವಾಡೆಗಳನ್ನು, ಅಂದರೆ ದೊಡ್ಡ ತೊಟ್ಟಿಮನೆಗಳನ್ನು, ಕೆಡವುವಾಗ ಸಿಕ್ಕ ಬೀಸುಕಲ್ಲುಗಳನ್ನೂ ಒರಳುಗಳನ್ನೂ ಕಲಾವಿದೆಯೊಬ್ಬಳು ಆಯ್ದು ತಂದು, ನೆಲದ ಮೇಲೆ ಹರಡಿದ ಬಿಳಿಯ ಸುಣ್ಣದ ಪುಡಿಯ ನಡುವೆ ಸಾಲುಸಾಲಾಗಿ ಇಟ್ಟಿದ್ದಳು. ಹಗ್ಗವಾಗಲಿ ಗಾಜಾಗಲಿ ಅಡ್ಡವಿರಲಿಲ್ಲ. ನನ್ನ ಹೆಂಡತಿ ಅದರ ಮುಂದೆ ನಿಂತು, ಸ್ಪಷ್ಟವಾದ ಉಚ್ಚಾರದಲ್ಲಿ ಹೇಳಿದಳು: "ಈ ಶಿಲೆಗಳನ್ನು ಕಲಾವಿದೆಯು ಇಲ್ಲಿ ವಿಧಿವತ್ತಾಗಿ ಪ್ರತಿಷ್ಠಾಪಿಸಿದ್ದಾರೆ."

"ವಿಧಿವತ್ತಾಗಿ" ಎಂಬುದೂ ನನ್ನದೇ. ವಾಕ್ಯದ ತೂಕಕ್ಕೆ ಬೇಕೆನಿಸಿತ್ತು.

ಕಾಕು ಮೊದಲು ಚಪ್ಪಲಿ ಕಳಚಿದರು. ಅವರನ್ನು ನೋಡಿ ಪಕ್ಕದವರು ಕಳಚಿದರು. ಹೀಗೆ ಸಾಲಿನ ಕೊನೆಯವರೆಗೂ ಹದಿನೇಳು ಜೊತೆ ಚಪ್ಪಲಿಗಳು ಗೋಡೆಯ ಬದಿಗೆ ಸರಿದವು. ನಮ್ಮ ಕಡೆ ಮದುವೆಯ ಮನೆಯಲ್ಲಿ ಮೊದಲ ಪೂಜೆ ಬೀಸುಕಲ್ಲಿಗೆ. ಅರಿಷಿಣ ಕುಂಕುಮವಿಲ್ಲದೆ ಅದನ್ನು ಯಾರೂ ಮುಟ್ಟುವುದಿಲ್ಲ. ಕಾಕು ಚೀಲದಿಂದ ಪುಟ್ಟ ಕುಂಕುಮದ ಭರಣಿ ತೆಗೆದು, ಸುಣ್ಣದ ಪುಡಿಯಲ್ಲಿ ಬರಿಗಾಲಿನ ಎರಡು ಹೆಜ್ಜೆ ಇಟ್ಟು, ಬಾಗಿ, ಮುಂದಿನ ಕಲ್ಲಿಗೆ ಉಂಗುರದ ಬೆರಳಿನಿಂದ ಕುಂಕುಮ ಹಚ್ಚಿದರು. ಮುಡಿದಿದ್ದ ಮಲ್ಲಿಗೆಯಿಂದ ಒಂದು ಎಳೆ ಹರಿದು ಅದರ ಮೇಲಿಟ್ಟರು. ಇದೆಲ್ಲ ಎಷ್ಟು ಸಹಜವಾಗಿ ನಡೆಯಿತೆಂದರೆ ಕಾವಲುಗಾರನಿಗೂ ನೋಡಿದ್ದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ಓಡಿ ಬಂದ.

ಅಧಿಕಾರಿ ಗದರಲಿಲ್ಲ. ಕಾಕುವಿನ ಮೊಣಕೈ ಹಿಡಿದು ಸುಣ್ಣದ ಪುಡಿಯಿಂದಾಚೆಗೆ ತಂದು ನಿಲ್ಲಿಸಿ, ನನ್ನ ಹೆಂಡತಿಯ ಕಡೆಗೆ ತಿರುಗಿ ಮರಾಠಿಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು: ಕೃತಿಯ ಬಗ್ಗೆ ಮಾತನಾಡುವುದು ಗೈಡಿನ ಎರಡನೆಯ ಕೆಲಸ, ತಾಗಲಿರುವ ಕೈಯನ್ನು ತಾಗುವ ಮೊದಲು ತಡೆಯುವುದು ಮೊದಲನೆಯದು, ಇದನ್ನು ತಾನು ಮೇಲಿನವರಿಗೂ ಕಲಾವಿದೆಗೂ ತಿಳಿಸಲೇಬೇಕು. ನನ್ನ ಹೆಂಡತಿ ತಲೆಯಾಡಿಸಿದಳು. ಕೋಣೆಯಲ್ಲಿ ಇದ್ದವರಲ್ಲಿ ತಪ್ಪಿನ ಮೂಲ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬಳು ಹೇಳಲಿಲ್ಲ. ಇನ್ನೊಬ್ಬ, ಕೈಯಲ್ಲಿ ತಾನು ತಿದ್ದಿ ಬರೆದ ಪ್ರತಿಯನ್ನು ಹಿಡಿದುಕೊಂಡು, ಸಾಲಿನ ತುದಿಯಲ್ಲಿ ನಿಂತೇ ಇದ್ದ.

ಕಾಕು ಬೆರಳಿಗೆ ಉಳಿದ ಕುಂಕುಮವನ್ನು ಏನು ಮಾಡಬೇಕೆಂದು ತಿಳಿಯದೆ ಕೈಯನ್ನು ಮುಂದಕ್ಕೆ ಚಾಚಿಕೊಂಡೇ ಇದ್ದರು. "ತಪ್ಪ ಮಾಡಿದ್ನೇನವಾ ನಾ?" ಎಂದರು. ಬಸ್ಸಿನಲ್ಲಿ ಎಲ್ಲರನ್ನೂ ನಗಿಸಿದ್ದ ದನಿ ಅದಾಗಿರಲಿಲ್ಲ.

ನನ್ನ ಹೆಂಡತಿ ತನ್ನ ಸೆರಗಿನಿಂದ ಆ ಬೆರಳನ್ನು ಒರೆಸಿದಳು. "ತಪ್ಪಿಲ್ಲ ಕಾಕು. ಕಲ್ಲು ಖರೆ, ಆದರ ಇಲ್ಲಿ ಪೂಜಾಕ್ಕ ಇಟ್ಟಿಲ್ಲ. ನೋಡ್ಲಿ ಅಂತ ಮಾಂಡಿಟ್ಟಾರ. ಮನ್ಯಾಗ ನಾವು ಭಾಂಡಿ ಮಾಂಡತೀವಲ್ಲ, ಹಂಗ."

ಮಾಂಡುವುದು ಎಂದರೆ ನಮ್ಮ ಪುಣೆಯ ಮನೆಗಳಲ್ಲಿ ಪಾತ್ರೆಗಳನ್ನು ಹಲಗೆಯ ಮೇಲೆ, ಹಬ್ಬದ ಗೊಂಬೆಗಳನ್ನು ಮೆಟ್ಟಿಲ ಮೇಲೆ, ನೋಡಿದವರಿಗೆ ಚೆನ್ನೆನಿಸುವ ಹಾಗೆ ಹೊಂದಿಸಿಡುವುದು. ಮರಾಠಿಯಿಂದ ಬಂದ ಮಾತು. ನಾನು ಅದನ್ನು ಕನ್ನಡವೆಂದು ಒಪ್ಪಿದವನಲ್ಲ. ಆದರೆ ಹದಿನೇಳು ತಲೆಗಳು ಆ ಕ್ಷಣದಲ್ಲಿ ಹೌದೆಂದು ಆಡಿದ್ದನ್ನು ನಾನು ಕಂಡೆ. ಚಪ್ಪಲಿ ಹಾಕಿಕೊಳ್ಳುತ್ತಲೇ ಒಬ್ಬರು, ಈ ಕಲ್ಲುಗಳನ್ನು ಬೀಸಿದವರು ಎಲ್ಲಿದ್ದಾರೋ ಎಂದರು. ಇನ್ನೊಬ್ಬರು ತಮ್ಮತ್ತೆಯ ಬೀಸುಕಲ್ಲನ್ನು ಫ್ಲ್ಯಾಟಿಗೆ ತರಲಾಗದೆ ಬಾವಿಯ ಬಳಿ ಬಿಟ್ಟುಬಂದದ್ದನ್ನು ಹೇಳಿದರು. ಆದರೆ ಅಷ್ಟರಲ್ಲಿ ನಮ್ಮ ಹೊತ್ತು ಮುಗಿದಿತ್ತು; ಅಧಿಕಾರಿ ನಮ್ಮನ್ನು ಬಾಗಿಲವರೆಗೆ ಕಳಿಸಿಕೊಟ್ಟರು. ಉಳಿದ ಎರಡು ಕೋಣೆಗಳನ್ನು ಯಾರೂ ನೋಡಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಚುರುಮುರಿಯ ಡಬ್ಬಿ ಹೊರಬರಲಿಲ್ಲ. ಮನೆಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಸೆರಗನ್ನು ನೆನೆಹಾಕಿದ್ದು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಉತ್ತರ ಕೊಡುವ ಒಂದು ಅನುಕೂಲವಾದರೂ ಇರುತ್ತಿತ್ತು.

ಸೋಮವಾರ ಸಂಗ್ರಹಾಲಯಕ್ಕೆ ರಜೆ. ಆ ದಿನವಿಡೀ ಕುಳಿತು ನಾನು ಅಧಿಕಾರಿಗೆ ಮರಾಠಿಯಲ್ಲಿ ಒಂದು ಪತ್ರ ಬರೆದೆ. ಇಪ್ಪತ್ತೆಂಟು ವರ್ಷಗಳಿಂದ ಮರಾಠಿ ಮಾತನಾಡುತ್ತಿದ್ದರೂ ಬರೆದದ್ದು ಅದೇ ಮೊದಲು. ಪ್ರತಿಷ್ಠಾಪನೆ ಎಂಬ ಶಬ್ದವನ್ನು ಆಯ್ದವನು ನಾನು. ನನ್ನ ಹೆಂಡತಿ ಎಚ್ಚರಿಸಿದ್ದಳು, ನಾನು ಕೇಳಲಿಲ್ಲ. ಆ ಶಬ್ದ ಕಿವಿಗೆ ಬಿದ್ದರೆ ನಮ್ಮ ಹೆಂಗಸರು ಮಾಡಬೇಕಾದುದನ್ನೇ ಮಾಡಿದರು. ಹೀಗೆ ಕ್ರಮವಾಗಿ ಬರೆದು, ಕೊನೆಯಲ್ಲಿ ತಪ್ಪು ನನ್ನದು ಎಂದು ಮುಗಿಸಿದೆ. ಮಂಗಳವಾರ ಬೆಳಿಗ್ಗೆ, ಹೆಂಡತಿಗೆ ಹೇಳದೆ, ಎರಡು ಬಸ್ಸು ಬದಲಿಸಿ ಹಡಪಸರಕ್ಕೆ ಹೋದೆ.

ಅಧಿಕಾರಿ ನನ್ನನ್ನು ಕೂರಿಸಿ, ಪತ್ರವನ್ನು ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಮೇಜಿನ ಮೇಲಿದ್ದ ಪೆನ್ಸಿಲು ತಾನಾಗಿಯೇ ಅವರ ಕೈಗೆ ಬಂತು; ಆ ಚಲನೆ ನನಗೆ ಚೆನ್ನಾಗಿ ಪರಿಚಿತ. ಅವರೂ ಹಿಂದೆ ಶಾಲೆಯಲ್ಲಿ ಕಲಿಸಿದವರೆಂದು ಆಮೇಲೆ ತಿಳಿಯಿತು. ನಾನು "ಚೂಕ ಮಾಝಾ ಆಹೇ" ಎಂದು ಬರೆದಿದ್ದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ತಪ್ಪು ಮಾಡಿದವನು ಗಂಡಸಾದ್ದರಿಂದ ನಾನು ಪುಲ್ಲಿಂಗದ "ಮಾಝಾ" ಹಾಕಿದ್ದೆ. ಮರಾಠಿಯಲ್ಲಿ ಮಾಡಿದವರು ಯಾರೇ ಆಗಲಿ, ತಪ್ಪು ಎಂಬರ್ಥದ "ಚೂಕ" ಶಬ್ದವೇ ಹೆಣ್ಣು.

"ಮಾಝೀ ಚೂಕ, ಸರ್," ಎಂದು ಅವರು ಮೆಲ್ಲಗೆ ಹೇಳಿ, ಕಾಗದಕ್ಕೆ ತಾಗಿಸದೆ ಪೆನ್ಸಿಲನ್ನು ಮತ್ತೆ ಮೇಜಿನ ಮೇಲಿಟ್ಟರು. ಆದರೂ ತನಗೆ ಅರ್ಥವಾಯಿತೆಂದರು.

ಆ ಕುರ್ಚಿಯಲ್ಲಿ ಕುಳಿತಿದ್ದಾಗ, ಅರ್ಥವಾದ ಮೇಲೂ ನಾನು ತಿದ್ದಿದ ಮಾತುಗಳೆಲ್ಲ ನನ್ನ ಸುತ್ತ ನಿಂತಂತಾಯಿತು. ಆದರೆ ಅವರು ಆಮೇಲೆ ಹೇಳಿದ್ದರ ಮುಂದೆ ಅದು ಸಣ್ಣದು. ಭಾನುವಾರ ಎಲ್ಲರೂ ಬಸ್ಸು ಹತ್ತುತ್ತಿದ್ದಾಗ ಅವರು ನನ್ನ ಹೆಂಡತಿಯನ್ನು ಬದಿಗೆ ಕರೆದು, ಹೆಂಗಸರು ಹಾಗೆ ಚಪ್ಪಲಿ ಕಳಚುವಂಥದ್ದೇನು ಹೇಳಿದಿರಿ ಎಂದು ಕೇಳಿದ್ದರಂತೆ. ಅವಳು ಆ ಶಬ್ದವನ್ನು ಹೇಳಿ ಅರ್ಥವನ್ನೂ ತಿಳಿಸಿದ್ದಳಂತೆ. ಯಾರು ಸೂಚಿಸಿದರು ಎಂಬುದಕ್ಕೆ, ಯಾರೂ ಇಲ್ಲ, ಶಬ್ದ ತನ್ನದೇ ಎಂದಿದ್ದಳಂತೆ.

ಅಧಿಕಾರಿ ಪತ್ರವನ್ನು ಮಡಚಿ ಕಡತದಲ್ಲಿ ಇಟ್ಟುಕೊಂಡರು. ಕಲಾವಿದೆಯ ಉತ್ತರ ಬರಬೇಕು, ಅನಂತರ ಇನ್ನೊಂದು ತಂಡವನ್ನು ತಂದು ತೋರಿಸಲು ಅವಕಾಶ ಸಿಗಬಹುದು, ಸಿಗದೆಯೂ ಇರಬಹುದು ಎಂದರು. ಸಿಕ್ಕರೆ ಅವಳ ಕೈಯಲ್ಲಿ ಕಾಗದವಿರಬಾರದು. ನಿಮ್ಮ ಕೈಯಲ್ಲಿಯೂ ಇರಬಾರದು ಎಂದು, ಎದ್ದು ನಿಂತ ಮೇಲೆ ಸೇರಿಸಿದರು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಕೇಳದೆ ಹೋದದ್ದಕ್ಕೆ ಅವಳಿಗೆ ಸಿಟ್ಟು ಬಂತು. ತನ್ನ ಪರೀಕ್ಷೆಗೆ ತಾನೇ ಉತ್ತರ ಬರೆಯಬಾರದೇ ಎಂದಳು. ಅದು ನ್ಯಾಯವೇ ಆಗಿತ್ತು. ಸಿಟ್ಟು ಇಳಿಯುವವರೆಗೆ ಕಾದು, ಶಬ್ದ ನಿನ್ನದೆಂದು ಏಕೆ ಹೇಳಿದೆ ಎಂದು ಕೇಳಿದೆ.

"ಬಾಯಿ ನಂದ ಅಲ್ಲೇನ್ರಿ," ಎಂದಳು. "ಬಾಯಿಂದ ಬಂದ ಮ್ಯಾಲೆ ಅದೂ ನಂದ. ನೀವು ಬರದ್ರಿ ಅಂತ ಅಲ್ಲಿ ನಿಂತು ಹೇಳ್ಲೇನು? ಮಂದ್ಯಾಗ ನಿಮ್ಮನ್ನ ತಿದ್ದೂದು ನನಗ ಆಗೂದಿಲ್ಲ."

ಮಂದಿಯಲ್ಲಿ ನಾನು ಅವಳನ್ನು ಎಷ್ಟು ಸಲ ತಿದ್ದಿದ್ದೇನೆಂದು ಅವಳು ಕೇಳಲಿಲ್ಲ. ಎದ್ದು ಚಹಾಕ್ಕೆ ನೀರಿಟ್ಟಳು. ನಾನು ಹಾಲು ತೆಗೆದುಕೊಟ್ಟೆ.

ಕಲಾವಿದೆಯ ಉತ್ತರ ಬರುವುದಕ್ಕೆ ಮೂರು ವಾರ ಹಿಡಿಯಿತು. ಅವರು ದೂರಲಿಲ್ಲ, ಕುಂಕುಮವನ್ನು ಒಣ ಕುಂಚದಿಂದ ತೆಗೆಸಿರೆಂದೂ ಕೋಣೆಯ ಬಾಗಿಲಲ್ಲಿಯೇ ಜನರಿಗೆ ಮುಂಚಿತವಾಗಿ ಹೇಳಿರೆಂದೂ ತಿಳಿಸಿದ್ದರು. ಜನವರಿಯ ಕೊನೆಯ ಭಾನುವಾರಕ್ಕೆ ಎರಡನೆಯ ಅವಕಾಶ ಸಿಕ್ಕಿತು. ಅದೇ ಮಂಡಳಿಯವರು ಬಂದರು. ಬರುವುದಿಲ್ಲವೆಂದು ಹಟ ಹಿಡಿದಿದ್ದ ಕಾಕುವನ್ನು ನನ್ನ ಹೆಂಡತಿ ಮನೆಗೇ ಹೋಗಿ ಕರೆತಂದಳು. ಅವರಿಲ್ಲದಿದ್ದರೆ ತಾನೂ ಹೋಗುವುದಿಲ್ಲ ಎಂದಳಂತೆ.

ನಾನು ಸಾಲಿನ ಕೊನೆಗೆ ನಿಂತೆ. ಪ್ರತಿ ಬಾಗಿಲಿನಲ್ಲಿಯೂ ಅವಳು ಮೊದಲು, ಎಷ್ಟು ದೂರ ನಿಲ್ಲಬೇಕೆಂದು ತನ್ನ ಕಾಲಿನಿಂದ ನೆಲದ ಮೇಲೆ ಗೆರೆ ಎಳೆದಂತೆ ತೋರಿಸುತ್ತಿದ್ದಳು. ಆಮೇಲೆ ಮಾತು. "ಈ ಬಾಗಲಾ ಒಂದೂ ತಗಿಯೂದಿಲ್ಲ ನೋಡ್ರಿ. ಆದರೂ ಕೈ ಹೋಗ್ತದ. ನಂದೂ ಹೋಗಿತ್ತು." ಹೆಂಗಸರು ನಕ್ಕರು, ತಮ್ಮ ಕೈಗಳನ್ನು ತಾವೇ ಹಿಡಿದುಕೊಂಡು ನಕ್ಕರು. ಅವಳ ವಾಕ್ಯಗಳು ಚಿಕ್ಕವಾಗಿದ್ದವು. ಒಂದರ ಕೊನೆಗೆ ನಿಂತು, ಮುಖಗಳನ್ನು ನೋಡಿ, ಅನಂತರ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು. ಕಾಲು ಶತಮಾನ ಪಾಠ ಹೇಳಿದ ನನಗೆ ಆ ನಿಲುಗಡೆ ಗೊತ್ತಿರಲಿಲ್ಲ.

ಹಿಂದಿನ ಸಲ ನೋಡದೆ ಉಳಿದಿದ್ದ ಐದನೆಯ ಕೋಣೆಯಲ್ಲಿ ಇದ್ದದ್ದು ಬರಿಯ ಒಂದು ಖಾಲಿ ತೊಟ್ಟಿಲು. ಅದನ್ನು ತಂತಿಯಿಂದ ಛಾವಣಿಗೆ ಕಟ್ಟಿ, ತೂಗುತ್ತಲೇ ಇರುವಂತೆ ಮಾಡಿದ್ದರು. ಕಾಕು ಬಹಳ ಹೊತ್ತು ನೋಡಿ, ಇದರ ಅರ್ಥವೇನೆಂದು ಕೇಳಿದರು. ಅಧಿಕಾರಿಗೆ ಪ್ರಶ್ನೆ ಅರ್ಥವಾಗದಿದ್ದರೂ, ಅದು ಪ್ರಶ್ನೆಯೆಂದು ತಿಳಿದು ನನ್ನ ಹೆಂಡತಿಯ ಮುಖ ನೋಡಿದರು. ನಾನೂ ನೋಡಿದೆ.

"ಗೊತ್ತಿಲ್ಲ ಕಾಕು," ಎಂದಳು ಅವಳು. "ನಾನೂ ಭಾಳ ಸಲ ನೋಡೀನಿ. ನಿಮಗೇನ ಅನಸ್ತದ?"

ಗೊತ್ತಿಲ್ಲ ಎಂಬ ಮಾತನ್ನು ನಾನು ತರಗತಿಯಲ್ಲಿ ಒಮ್ಮೆಯೂ ಆಡಿದವನಲ್ಲ. ಅದರ ಬೆನ್ನಿಗೆ ಕಾಕು ಮಾತನಾಡತೊಡಗಿದರು. ತಾವು ಹೆತ್ತು ಉಳಿಯದ ಮೊದಲ ಮಗುವಿನ ಬಗ್ಗೆ, ಬರಿದಾದ ತೊಟ್ಟಿಲನ್ನು ಅತ್ತೆ ಬಿಚ್ಚಿಸದೆ ಹದಿಮೂರು ದಿನ ಹಾಗೆಯೇ ಇರಿಸಿದ್ದರ ಬಗ್ಗೆ, ಎಲ್ಲರೂ ಕೇಳುವಂತೆ ಹೇಳಿದರು. ಓಣಿಯಲ್ಲಿ ಮೂವತ್ತು ವರ್ಷ ಅವರ ನೆರೆಯಲ್ಲಿದ್ದ ಯಾರಿಗೂ ಅದು ತಿಳಿದಿರಲಿಲ್ಲ. ನನ್ನ ಹೆಂಡತಿ ನಡುವೆ ಬಾಯಿ ಹಾಕಲಿಲ್ಲ. ತಾನು ನಿಂತಲ್ಲೇ ನಿಂತು ಕೇಳಿದಳು. ಅಧಿಕಾರಿ ತಮ್ಮ ಕೈಯಲ್ಲಿದ್ದ ಪಟ್ಟಿಯಲ್ಲಿ ಗುರುತು ಹಾಕುವುದನ್ನು ಬಿಟ್ಟು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡರು.

ತೀರ್ಮಾನ ಕೂಡಲೇ ಬರಲಿಲ್ಲ. ಮೇಲಿನವರ ಸಭೆಯಾಗಬೇಕಿತ್ತು. ಆ ಎರಡು ವಾರ ಅವಳು ಅದರ ಮಾತೆತ್ತಲಿಲ್ಲ; ಫೋನು ಸದ್ದು ಮಾಡಿದಾಗ ಮಾತ್ರ ಒದ್ದೆಗೈಯಲ್ಲೇ ಎತ್ತಿಕೊಳ್ಳುತ್ತಿದ್ದಳು. ಕೊನೆಗೊಂದು ದಿನ ಮಧ್ಯಾಹ್ನ, ನಾನು ಪತ್ರಿಕೆ ಓದುತ್ತಿದ್ದಾಗ, ಅವಳು ಬಂದು ಫೋನನ್ನು ನನ್ನ ಮುಂದೆ ಹಿಡಿದಳು. ಮರಾಠಿಯಲ್ಲಿ ನಾಲ್ಕೇ ಸಾಲು: ತಿಂಗಳ ಎರಡನೆಯ ಭಾನುವಾರ ಕನ್ನಡದಲ್ಲಿ ತೋರಿಸಲಾಗುವುದು, ಗೈಡ್ ಅವಳೇ. ಅದನ್ನು ಓದಿ ಹೇಳುವ ಗೋಜಿಗೆ ಹೋಗದೆ ಅವಳು ನನ್ನ ಪಕ್ಕದಲ್ಲಿ ಕುಳಿತಳು. ಕೈ ಇನ್ನೂ ಒದ್ದೆಯಾಗಿತ್ತು.

"ಮುಂದಿನ ಸಲಾನೂ ಬರ್ತೀರೇನ್ರಿ?" ಎಂದು ಕೇಳಿದಳು.

"ಬರ್ತೀನಿ," ಎಂದೆ, ನನ್ನ ತಾಯಿ ಹೇಳುತ್ತಿದ್ದ ಹಾಗೆ. ಅಂದು ೨೦೨೪ನೆಯ ಇಸವಿ, ಫೆಬ್ರವರಿ ತಿಂಗಳ ೧೩ನೆಯ ತಾರೀಖು, ಮಂಗಳವಾರ.